ಮೊದಲ ದಿನ ಸ್ಯಾಂಪಲ್, ಎರಡನೇ ದಿನ ಬಟ್ಟೆ

ದೊಡ್ಡ ನಗರಕ್ಕೆ ಹೋದರೆ ಮೊದಲ ದಿನ ನಾನು ಒಂದು ಮೀಟರ್ ಬಟ್ಟೆಯನ್ನೂ ಕೊಳ್ಳುವುದಿಲ್ಲ. ಇದನ್ನು ಹೇಳಿದಾಗ ಹೊಲಿಗೆ ಮಾಡುವ ಗೆಳೆಯರು ಯಾರೂ ಒಪ್ಪಲಿಲ್ಲ. "ಇರೋದೇ ಎರಡು ದಿನ. ಒಂದು ದಿನ ಸುಮ್ನೆ ಸುತ್ತಿದ್ರೆ ಹೇಗೆ? ನಾಳೆ ಹೋಗೋ ಹೊತ್ತಿಗೆ ಆ ರೋಲ್ ಇರುತ್ತಾ?" ಅಂದರು. ಹೆಚ್ಚಾಗಿ ಇರುತ್ತದೆ. ಹಾಗೆ ಕೈತಪ್ಪಿದ ಬಟ್ಟೆ ನನಗೆ ತೀರಾ ಕಡಿಮೆ. ಈಗ ಅವರಲ್ಲೇ ಇಬ್ಬರು ಮೂವರು ಇದೇ ಕ್ರಮ ಹಿಡಿದಿದ್ದಾರೆ.

ಮೊದಲು ಎಲ್ಲರ ಹಾಗೆ ಕಂಡಲ್ಲೇ ಕೊಳ್ಳುತ್ತಿದ್ದೆ. ಲೆಕ್ಕ ಹಾಕಿದರೆ ಸುರಿದ ದುಡ್ಡಿನಲ್ಲಿ ಮೂರನೇ ಒಂದು ಭಾಗವಾದರೂ ಉಪಯೋಗಕ್ಕೆ ಬಾರದ ಬಟ್ಟೆಗೆ ಹೋಗಿತ್ತು. ಒಂದು ರೇಯಾನ್ ಬಟ್ಟೆ ಒಂದೇ ಒಗೆತಕ್ಕೆ ಮೀಟರಿಗೆ 7-8 ಸೆಂ.ಮೀ. ಕುಗ್ಗಿತು. ಎರಡೂವರೆ ಮೀಟರಿಗೆ ಹತ್ತಿರ ಹತ್ತಿರ 20 ಸೆಂ.ಮೀ. ಹೋಯಿತಲ್ಲ, ಅಂದುಕೊಂಡ ಉದ್ದದ ಕುರ್ತಾ ಅದರಲ್ಲಿ ಬರಲಿಲ್ಲ. ಇನ್ನೊಂದು ಕಡು ನೀಲಿ ಕಾಟನ್ ಬಿಳಿ ಲೈನಿಂಗಿಗೆಲ್ಲ ಬಣ್ಣ ಹಚ್ಚಿತು. ರೇಷ್ಮೆ ಅಂತ ಕೊಟ್ಟದ್ದು ಸುಟ್ಟು ನೋಡಿದರೆ ಕರಗಿ ಗಟ್ಟಿ ಮಣಿಯಾಯಿತು, ಅಪ್ಪಟ ಪಾಲಿಯೆಸ್ಟರ್. ದುಡ್ಡು ಹೋದದ್ದಕ್ಕಿಂತ, ಇದನ್ನೆಲ್ಲ ಊರಿಗೆ ಬಂದ ಮೇಲೆ ಕಂಡುಕೊಳ್ಳುವುದು ನನಗೆ ಸಹಿಸಲಾಗಲಿಲ್ಲ. ವಾಪಸ್ ಕೊಡಲು ಅಷ್ಟು ದೂರ ಯಾರು ಹೋಗುತ್ತಾರೆ?

ಹಾಗಾಗಿ ಪರೀಕ್ಷೆಯನ್ನೇ ಪ್ರಯಾಣದೊಳಗೆ ತಂದೆ. ಮೊದಲ ದಿನ ಅಂಗಡಿಗಳನ್ನು ಸುತ್ತಿ, ಮನಸ್ಸಿಗೆ ಬಂದ ಬಟ್ಟೆಯ ಸ್ಯಾಂಪಲ್ ಮಾತ್ರ ತರುತ್ತೇನೆ. ಅಂಗೈ ಅಗಲದ ತುಂಡು ಸಾಲದು. 15 ಸೆಂ.ಮೀ. ಪಟ್ಟಿ ಬೇಕು, ಬಿಟ್ಟಿ ಕೊಡದಿದ್ದರೆ ಕಾಸು ಕೊಟ್ಟೇ ಕೊಳ್ಳಬೇಕು. ಹತ್ತಾರು ಪಟ್ಟಿಗೆ ಕೊಟ್ಟ ದುಡ್ಡು ಒಂದು ಹಾಳಾದ ಡ್ರೆಸ್ ಬಟ್ಟೆಗಿಂತ ಕಡಿಮೆಯೇ. ಕಟ್ ಮಾಡುವುದಿಲ್ಲ ಎಂದವರಿಂದಲೂ ಪಟ್ಟಿ ಪಡೆಯಲು ನನ್ನದೊಂದು ಉಪಾಯ ಇದೆ. ಅದನ್ನು ಬರೆದುಬಿಟ್ಟರೆ ನಾಳೆಯಿಂದ ನನಗೇ ನಡೆಯದು, ಬಿಡಿ.

ಪ್ರತಿ ಪಟ್ಟಿಗೂ ಒಂದು ಚೀಟಿ: ಅಂಗಡಿ, ದರ, ಪನ್ನ (ಬಟ್ಟೆಯ ಅಗಲ). ಪನ್ನ ಬರೆದುಕೊಳ್ಳದೆ ದರ ಹೋಲಿಸಬೇಡಿ. ಮೀಟರ್ ದರ ಒಂದೇ ಇದ್ದರೂ 44 ಇಂಚಿಗಿಂತ 58 ಇಂಚಿನದರಲ್ಲಿ ಶೇ. 30ರಷ್ಟು ಬಟ್ಟೆ ಜಾಸ್ತಿ ಸಿಗುತ್ತದೆ. ಅಳತೆ ಗಜವೋ ಮೀಟರೋ ಅಂತಲೂ ಕೇಳಿ. 5 ಮೀಟರ್ ಅಂದುಕೊಂಡು 5 ಗಜ ತಂದರೆ ಸುಮಾರು 43 ಸೆಂ.ಮೀ. ಕಡಿಮೆ, ಅಂದರೆ ಒಂದು ಜೊತೆ ತೋಳೇ ಹೋದಂತೆ.

ರಾತ್ರಿ ರೂಮಿನಲ್ಲಿ ನಿಜವಾದ ಕೆಲಸ. ಪಟ್ಟಿಯಲ್ಲಿ ಹಾಸಿನ (ಉದ್ದದ ಎಳೆಯ) ಕಡೆಗೂ ಹೊಕ್ಕಿನ (ಅಡ್ಡ ಎಳೆಯ) ಕಡೆಗೂ 10 ಸೆಂ.ಮೀ. ಗುರುತು ಹಾಕಿ, ಬಿಸಿನೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಒಗೆದು, ಟವೆಲಿನಲ್ಲಿ ಸುತ್ತಿ ಹಿಂಡಿ, ಇಸ್ತ್ರಿ ಮಾಡುತ್ತೇನೆ. ಆಮೇಲೆ ಅಳತೆ. 9.5 ಬಂದರೆ ಶೇ. 5 ಕುಗ್ಗಿತು ಅಂತ, ಅಷ್ಟು ಸೇರಿಸಿ ಕೊಂಡರಾಯಿತು. 9ಕ್ಕೆ ಇಳಿದರೆ ಆ ಬಟ್ಟೆಯನ್ನೇ ಕೈಬಿಡುತ್ತೇನೆ. ಒಗೆಯುವಾಗಲೇ ಒಂದು ಬಿಳಿ ಕಾಟನ್ ತುಂಡು ಜೊತೆಗೆ ಇರಲಿ, ಬಣ್ಣ ಬಿಡುವುದು ಅದರ ಮೇಲೆ ಕಾಣುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದನ್ನೂ ನೋಡಿದೆ. ಒಂದೇ ಪಟ್ಟಿಯ ಅರ್ಧವನ್ನು ಉಪ್ಪಿನಲ್ಲಿ, ಅರ್ಧವನ್ನು ಬರೀ ನೀರಿನಲ್ಲಿ ಇಟ್ಟೆ. ಎರಡೂ ಒಂದೇ ಸಮ ಬಣ್ಣ ಬಿಟ್ಟವು. ವಿನಿಗರ್ ಕಥೆಯೂ ಅಷ್ಟೇ.

ಸುಡುವ ಪರೀಕ್ಷೆಯನ್ನು ರೂಮಿನಲ್ಲಿ ಮಾಡಬೇಡಿ, ಹೊಗೆಯ ಅಲಾರಂ ಕೂಗುತ್ತದೆ. ಹೊರಗೆ ತಗಡಿನ ಮುಚ್ಚಳದ ಮೇಲೆ ಮಾಡಿ. ಕಾಟನ್ನೂ ರೇಯಾನೂ ಎರಡೂ ಕಾಗದದ ಹಾಗೆಯೇ ಉರಿಯುವುದರಿಂದ ಅಲ್ಲಿ ಬೆಂಕಿ ಉಪಯೋಗಕ್ಕಿಲ್ಲ. ಒಂದು ಎಳೆ ತೆಗೆದು ಒದ್ದೆ ಮಾಡಿ ಎಳೆಯಿರಿ. ರೇಯಾನ್ ಒದ್ದೆಯಾದರೆ ಸುಲಭವಾಗಿ ಕಿತ್ತುಬರುತ್ತದೆ, ಕಾಟನ್ ಬರುವುದಿಲ್ಲ. ಇದಕ್ಕೆ ರಾತ್ರಿಯವರೆಗೂ ಕಾಯಬೇಕಿಲ್ಲ, ಅಂಗಡಿಯಲ್ಲೇ ಮುಗಿಯುತ್ತದೆ.

ಜೇಬಿನ ತಕ್ಕಡಿ ಕೊಂಡದ್ದು ಒಂದು ಖಯಾಲಿಗೆ, ಈಗ ಅದಿಲ್ಲದೆ ಹೊರಡುವುದಿಲ್ಲ. 10 ಸೆಂ.ಮೀ. ಚೌಕ ತೂಗಿ ಗ್ರಾಮನ್ನು ನೂರರಿಂದ ಗುಣಿಸಿದರೆ ಜಿ.ಎಸ್.ಎಂ., ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನುವುದು ಸಿಕ್ಕಿತು. 1.2 ಗ್ರಾಂ ತೂಗಿದರೆ 120. ಅಂಥ ಶರ್ಟ್ ಬಟ್ಟೆ 58 ಇಂಚು ಪನ್ನದಲ್ಲಿ ಮೀಟರಿಗೆ 175 ಗ್ರಾಂ ಆಸುಪಾಸು. 350ರ ಡೆನಿಮ್ ಅರ್ಧ ಕಿಲೋ ದಾಟುತ್ತದೆ. ಎಷ್ಟೋ ಜನ ಚೌಕಾಸಿ ಮಾಡಿ ಉಳಿಸಿದ್ದನ್ನೆಲ್ಲ ವಿಮಾನದಲ್ಲಿ ಹೆಚ್ಚುವರಿ ಲಗೇಜಿಗೆ ಕಟ್ಟುತ್ತಾರೆ. ನಾನು ಕೊಳ್ಳುವ ಮೊದಲೇ ಬ್ಯಾಗಿನ ತೂಕ ಲೆಕ್ಕ ಹಾಕಿರುತ್ತೇನೆ, ದಂಡ ಕಟ್ಟಿದ್ದೇ ಇಲ್ಲ.

ಎರಡನೇ ದಿನ ಬೆಳಗ್ಗೆ ಪಟ್ಟಿಗಳನ್ನು ಕಿಟಕಿ ಬೆಳಕಿನಲ್ಲಿ ಹರಡಿ ಆರಿಸುತ್ತೇನೆ. ಕಪ್ಪು ಬಟ್ಟೆಗಳನ್ನಂತೂ ಹೀಗೇ ನೋಡಬೇಕು. ಅಂಗಡಿಯ ದೀಪದಡಿ ಜೋಡಿಯಾಗಿ ಕಂಡ ಎರಡು ಕಪ್ಪಿನಲ್ಲಿ ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ತಿರುಗುವುದು ಇಲ್ಲಿ ಗೊತ್ತಾಗುತ್ತದೆ. ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅಷ್ಟಕ್ಕೆ ಮಾತ್ರ ಮತ್ತೆ ಅಂಗಡಿಗೆ ಹೋಗುತ್ತೇನೆ. ಬೇಕಾದ ಮೀಟರ್ ಕೈಯಲ್ಲಿ ಬರೆದಿರುತ್ತದೆ, ಅಳೆಸಿ ಹೊರಡುವುದಷ್ಟೇ. ಮಾರುವವರಿಗೂ ಇವರು ಕೊಳ್ಳಲಿಕ್ಕೇ ಬಂದಿದ್ದಾರೆ ಅಂತ ಗೊತ್ತಾಗಿ ದರ ಇಳಿಸುವುದುಂಟು.

ದೊಡ್ಡ ಹೂವಿನ ಪ್ರಿಂಟಿಗೆ ಮಾತ್ರ ಪಟ್ಟಿ ಸಾಲದು, ಒಂದು ಹೂವೂ ಅದರಲ್ಲಿ ಪೂರ್ತಿ ಬರುವುದಿಲ್ಲ. ಅಂಥದ್ದರ ಪಕ್ಕ ಟೇಪು ಇಟ್ಟು ಫೋಟೋ ತೆಗೆದುಕೊಳ್ಳಿ. ಒಂದೇ ಹೂವು ಮತ್ತೆ ಬರುವ ದೂರ 30 ಸೆಂ.ಮೀ. ಇದ್ದರೆ ಒಂದು ಡ್ರೆಸ್ಸಿಗೆ ಕನಿಷ್ಠ ಅಷ್ಟು ಹೆಚ್ಚಿಗೆ ಕೊಳ್ಳಬೇಕು. ಕತ್ತರಿ ಹಾಕುವ ಮುಂಚೆ ಬೇಕಾದಷ್ಟು ಉದ್ದವನ್ನೂ ಬಿಡಿಸಿ ತೋರಿಸಲು ಹೇಳಿ. ರೋಲಿನ ಒಳಗೆ ಎಳೆ ತಪ್ಪಿದ್ದರೆ, ಕಲೆ ಇದ್ದರೆ ಅಲ್ಲೇ ಬಿಟ್ಟು ಮುಂದಿನಿಂದ ಅಳೆಸಿಕೊಳ್ಳಬಹುದು.