ಗೇಮಿಗೆ, ಆಡಿಯೋ ನಾಟಕಕ್ಕೆ ಮ್ಯೂಸಿಕ್ ಮಾಡೋಕೆ ಹೊರಟಿರೋರಿಗೆ

ಕೀಬೋರ್ಡ್ ಬರುತ್ತೆ, ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಕೂರಿಸೋಕೆ ಬರುತ್ತೆ, ಆದ್ರೆ ಸಿನಿಮಾ ಕಡೆ ಹೋಗೋ ದಾರಿ ಗೊತ್ತಿಲ್ಲ ಅನ್ನೋರು ಗೇಮು ಮತ್ತೆ ಆಡಿಯೋ ನಾಟಕದ ಕಡೆ ಒಂದ್ಸಲ ನೋಡಿ. ನಾನು ಎರಡೂ ಮಾಡ್ತೀನಿ. ಎರಡಕ್ಕೂ ಟ್ಯೂನ್‌ಗಿಂತ ಮುಂಚೆ ಬೇಕಾಗಿರೋದು ಟೈಮಿನ ಲೆಕ್ಕ. ಸಿನಿಮಾದಲ್ಲಿ ಸೀನ್ ಎರಡು ನಿಮಿಷ ಅಂದ್ರೆ ಎರಡೇ ನಿಮಿಷ, ಗೇಮಲ್ಲಿ ಹಾಗಲ್ಲ, ಆಡೋ ಹುಡುಗ ಒಂದು ಬಾಗಿಲ ಮುಂದೆ ಹತ್ತು ಸೆಕೆಂಡ್ ನಿಲ್ತಾನೋ ಅರ್ಧ ಗಂಟೆ ನಿಲ್ತಾನೋ ಯಾರಿಗೂ ಗೊತ್ತಿರಲ್ಲ, ಅಷ್ಟು ಹೊತ್ತೂ ನಮ್ಮ ಮ್ಯೂಸಿಕ್ ಬೇಜಾರಾಗದ ಹಾಗೆ ಓಡ್ತಿರ್ಬೇಕು.

ಅದಕ್ಕೇ ಮೊದಲು ಲೂಪ್ ಮಾಡೋದು ಕಲೀರಿ, ಅಂದ್ರೆ ಮುಗಿದ ಕೂಡ್ಲೇ ಜೋಡಣೆ ಗೊತ್ತಾಗದ ಹಾಗೆ ಮತ್ತೆ ಮೊದಲಿಂದ ಓಡೋ ತುಂಡು. ನಾನು ಶುರು ಮಾಡೋದು ಹೆಚ್ಚಾಗಿ 96 ಬಿಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 96 ಬೀಟ್. ಯಾಕೆ ಅಂದ್ರೆ ಒಂದು ಬೀಟ್ 0.625 ಸೆಕೆಂಡ್, 48 ಕಿಲೋಹರ್ಟ್ಜ್ ಫೈಲಲ್ಲಿ, ಅಂದ್ರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ಇರೋ ಫೈಲಲ್ಲಿ, ಅದು ಕರೆಕ್ಟಾಗಿ 30,000 ಸ್ಯಾಂಪಲ್, ಚೂರೂ ಉಳಿಯಲ್ಲ, ಕಟ್ ಮಾಡೋ ಜಾಗ ಎಲ್ಲಿ ಅಂತ ತಲೆ ಕೆಡಿಸ್ಕೊಬೇಕಾಗಿಲ್ಲ. ಆದಿತಾಳದ ಒಂದು ಆವರ್ತನ 8 ಅಕ್ಷರ, ಒಂದಕ್ಷರಕ್ಕೆ ಒಂದು ಬೀಟ್ ಹಿಡಿದ್ರೆ 5 ಸೆಕೆಂಡ್, 16 ಆವರ್ತನಕ್ಕೆ 80 ಸೆಕೆಂಡ್. ಸಂಗೀತ ಪಾಠ ಆಗಿರೋರಿಗೆ ಈ ಲೆಕ್ಕ ಕೈಬೆರಳಲ್ಲೇ ಇರುತ್ತೆ.

ಇನ್ನು ಕೊನೆ ಸ್ವರದ ರಿವರ್ಬ್, ಅಂದ್ರೆ ಸ್ವರ ನಿಂತ ಮೇಲೂ ಉಳಿಯೋ ಅನುರಣನ. ಲೂಪ್ ಮುಗಿಯೋ ಜಾಗದಲ್ಲಿ ಫೈಲ್ ಕತ್ತರಿಸಿದ್ರೆ ಆ ಗುಂಯ್ ಅನ್ನೋದು ತಟ್ಟನೆ ಸಾಯುತ್ತೆ, ಕಿವಿಗೆ ಕಲ್ಲು ಸಿಕ್ಕಂಗೆ ಆಗುತ್ತೆ. ಮಾಡ್ಬೇಕಾಗಿರೋದು ಇಷ್ಟೇ, ಅದೇ ಪೀಸ್‌ನ ಎರಡು ಸಲ ಒಂದರ ಹಿಂದೆ ಒಂದು ಇಟ್ಟು ರೆಂಡರ್ ಮಾಡಿ, ಅಂದ್ರೆ ಒಂದೇ ಆಡಿಯೋ ಫೈಲಾಗಿ ತೆಗೆದು, ಎರಡನೇ ಸುತ್ತನ್ನ ಮಾತ್ರ ಕಟ್ ಮಾಡಿ ತೊಗೊಳಿ, ಆಗ ಮೊದಲ ಸುತ್ತಿನ ಬಾಲ ಎರಡನೇದರ ತಲೆ ಮೇಲೆ ಆಗ್ಲೇ ಕೂತಿರುತ್ತೆ. ಕೊಡೋವಾಗ ವೇವ್ ಅಥವಾ ಓಗ್ ಕೊಡಿ, ಎಂಪಿ3 ಬೇಡ್ವೇ ಬೇಡ, ಎನ್ಕೋಡ್ ಮಾಡೋವಾಗ ಫೈಲಿನ ಹಿಂದೆ ಮುಂದೆ ಚೂರು ಖಾಲಿ ಸೇರ್ಕೊಳುತ್ತೆ, ಸುತ್ತು ತಿರುಗೋವಾಗ ಪ್ರತಿ ಸಲ ಎಡವುತ್ತೆ.

ಆಮೇಲೆ ಆ ಲೂಪ್ ಹಾಕ್ಕೊಂಡು ತರಕಾರಿ ಹೆಚ್ಚಿ, ಅಡುಗೆ ಮಾಡಿ, ಒಂದು ಗಂಟೆ ಹಾಗೇ ಓಡ್ಲಿ. ಯಾವ ಜಾಗದಲ್ಲಿ ಕೈ ನಿಂತು ತಲೆ ಆ ಕಡೆ ತಿರುಗುತ್ತೋ ಅಲ್ಲೊಂದು ಸಂಗತಿ ಜಾಸ್ತಿ ಎದ್ದು ಕಾಣ್ತಿದೆ ಅಂತ ಅರ್ಥ. ಮೊದಲ ಸಲಕ್ಕೆ ಚೆಂದ, ಇಪ್ಪತ್ತನೇ ಸಲಕ್ಕೆ ಹಿಂಸೆ. ಎಷ್ಟೇ ಇಷ್ಟ ಆಗಿದ್ರೂ ತೆಗೀರಿ.

ಲೂಪ್ ಕೈಗೆ ಹತ್ತಿದ ಮೇಲೆ ಲೇಯರ್, ಅಂದ್ರೆ ಆಟ ನಡೆದ ಹಾಗೆ ಏರಿಸಿ ಇಳಿಸೋಕೆ ಮ್ಯೂಸಿಕ್‌ನ ಪದರ ಪದರವಾಗಿ ಬೇರೆ ಮಾಡಿಡೋದು. ಆಟಕ್ಕೆ ತಕ್ಕ ಹಾಗೆ ಮ್ಯೂಸಿಕ್ ಬದಲಾಗೋದು ಹೊಸದೇನಲ್ಲ. 1978ರ ಸ್ಪೇಸ್ ಇನ್ವೇಡರ್ಸ್ ಅನ್ನೋ ಗೇಮಲ್ಲಿ ಇದ್ದಿದ್ದು ಬರೀ ನಾಲ್ಕು ಸ್ವರ, ಶತ್ರುಗಳು ಕಮ್ಮಿ ಆಗಿ ಹತ್ರ ಬಂದ ಹಾಗೆ ಅದೇ ನಾಲ್ಕು ಸ್ವರ ಜೋರಾಗಿ ಓಡೋದು, ಆಡೋರ ಎದೆ ಬಡಿತ ಅದರ ಜೊತೆ ಏರೋದು. 1991ರಲ್ಲಿ ಮಂಕಿ ಐಲ್ಯಾಂಡ್ 2 ಅನ್ನೋ ಗೇಮಿಗೆ ಮೈಕಲ್ ಲ್ಯಾಂಡ್, ಪೀಟರ್ ಮೆಕ್‌ಕಾನೆಲ್ ಇಬ್ರೂ ಐಮ್ಯೂಸ್ ಅಂತ ಒಂದು ವ್ಯವಸ್ಥೆ ಕಟ್ಟಿದ್ರು, ಗೇಮಿನ ಊರಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋದ್ರೆ ಮ್ಯೂಸಿಕ್ ನಿಲ್ಲದೇನೇ ತಾಳ ತಪ್ಪದೇನೇ ವಾದ್ಯ ಬದಲಾಗೋದು. ಇವತ್ತು ಅದೇ ಕೆಲಸಕ್ಕೆ ಎಫ್‌ಮಾಡ್, ವೈಸ್ ಅಂತ ಸಾಫ್ಟ್‌ವೇರ್ ಇವೆ, ಕಲಿಯೋಕೆ ದುಡ್ಡು ಕೊಡ್ಬೇಕಾಗಿಲ್ಲ. ಒಂದೇ 80 ಸೆಕೆಂಡ್‌ಗೆ ಮೂರು ಫೈಲ್ ಮಾಡಿ, ಒಂದರಲ್ಲಿ ಶ್ರುತಿ ಮತ್ತೆ ಪ್ಯಾಡ್ (ಹಿಂದೆ ಎಳೆದು ನಿಲ್ಲೋ ಮೆತ್ತನೆ ಸ್ವರಗಳು), ಒಂದರಲ್ಲಿ ಘಟ, ಮೃದಂಗ, ಒಂದರಲ್ಲಿ ಮೆಲೊಡಿ. ಮೂರನ್ನೂ ಒಟ್ಟಿಗೆ ಶುರು ಮಾಡಿ, ಅಪಾಯ ಹತ್ರ ಬಂದಾಗ ಮೃದಂಗದ ವಾಲ್ಯೂಮ್ ಏರೋ ಹಾಗೆ ಕಟ್ಟಿ. ಒಂದೊಂದು ಲೇಯರೂ ಒಂಟಿಯಾಗಿ ಕೇಳೋ ಹಾಗಿರ್ಬೇಕು, ಬರೆಯೋವಾಗಲೇ ಇದು ತಲೇಲಿರ್ಲಿ.

ಆಡಿಯೋ ನಾಟಕ ಪೂರ್ತಿ ಉಲ್ಟಾ. ಇಲ್ಲಿ ಸೆಕೆಂಡ್ ಸೆಕೆಂಡೂ ಗೊತ್ತು, ಆದ್ರೆ ಕಣ್ಣಿಗೆ ಏನೂ ಕಾಣಲ್ಲ. ಆಕಾಶವಾಣಿ ನಾಟಕ ಕೇಳಿ ಬೆಳೆದೋರಿಗೆ ನೆನಪಿರುತ್ತೆ, ಸೀನ್ ಬದಲಾಯ್ತು ಅಂತ ನಮಗೆ ಹೇಳ್ತಿದ್ದಿದ್ದೇ ಆ ಚಿಕ್ಕ ಮ್ಯೂಸಿಕ್ ತುಂಡು. ಐದರಿಂದ ಎಂಟು ಸೆಕೆಂಡ್ ಸಾಕು ಅದಕ್ಕೆ. ಸ್ಕ್ರಿಪ್ಟ್ ಕೈಗೆ ಬಂದ ತಕ್ಷಣ ಕೀಬೋರ್ಡ್ ಮುಂದೆ ಕೂರ್ಬೇಡಿ, ಫೋನಲ್ಲಿ ಸ್ಟಾಪ್‌ವಾಚ್ ಹಾಕಿ ಜೋರಾಗಿ ಓದಿ, ಎಲ್ಲಿ ಉಸಿರು ತೊಗೊಂಡ್ರೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೀರಿ. ಮ್ಯೂಸಿಕ್‌ಗೆ ಜಾಗ ಇರೋದು ಹೆಚ್ಚಾಗಿ ಆ ಗೆರೆಗಳಲ್ಲೇ.

ನನ್ನ ಎರಡನೇ ನಾಟಕದಲ್ಲಿ ಒಂದು ಸೀನ್ ಇತ್ತು. ಎಷ್ಟೋ ವರ್ಷ ಆದ ಮೇಲೆ ಮಗ ಮನೆಗೆ ಬರ್ತಾನೆ, ಅಜ್ಜಿ ಒಳಗಿಂದ ಮೆಲ್ಲಗೆ "ಬಂದ್ಯಾ ಮಗಾ" ಅಂತಾಳೆ. ನಾನು ಅದರ ಕೆಳಗೆ ಕೊಳಲು ಇಟ್ಟಿದ್ದೆ, ಮೇಲಿನ ಸ್ಥಾಯಿಯಲ್ಲಿ. ಅಜ್ಜಿ ಪಾತ್ರದ ಹಿರಿಯ ಕಲಾವಿದೆ ಎಷ್ಟು ಚೆನ್ನಾಗಿ ಹೇಳಿದ್ರು, ಆದ್ರೆ ಮಿಕ್ಸ್‌ನಲ್ಲಿ ಅವರ "ಬಂದ್ಯಾ" ಕೇಳಿಸ್ತಾನೇ ಇರ್ಲಿಲ್ಲ. ಮಾತು ಸ್ಪಷ್ಟವಾಗಿ ಕೇಳೋದು ಹೆಚ್ಚುಕಮ್ಮಿ 1ರಿಂದ 4 ಕಿಲೋಹರ್ಟ್ಜ್ ಒಳಗೆ, ಕೊಳಲಿನ ಮೇಲಿನ ಸ್ವರ, ಊದೋ ಗಾಳಿಯ ಸದ್ದು ಎಲ್ಲಾ ಅಲ್ಲೇ ಬಂದು ಕೂತಿತ್ತು. ಈಕ್ಯೂ ಹಾಕಿ ಕೊಳಲಿನ ಆ ಭಾಗದ ಸದ್ದನ್ನ ಮಾತ್ರ ತಗ್ಗಿಸಿದೆ, ಸಾಲ್ಲಿಲ್ಲ. ವೀಣೆಯ ಮಂದ್ರಕ್ಕೆ ಇಳಿಸಿದೆ, ಮಾತು ಕೇಳ್ತು ಆದ್ರೆ ಸೀನ್ ಭಾರ ಆಯ್ತು. ಕೊನೆಗೆ ಅಜ್ಜಿ ಮಾತಾಡೋಕೆ ಎರಡು ಸೆಕೆಂಡ್ ಮುಂಚೆನೇ ಎಲ್ಲಾ ನಿಲ್ಲಿಸಿ, ಅವಳು ಹೇಳಿ, ಮಗ ಚಪ್ಪಲಿ ಬಿಡೋ ಸದ್ದು ಬಂದ ಮೇಲೆ ಒಂದೇ ಒಂದು ಮೀಟು ಇಟ್ಟೆ. ಆವತ್ತಿಂದ ಪ್ರತಿ ಸ್ಕ್ರಿಪ್ಟಲ್ಲೂ ಮ್ಯೂಸಿಕ್ ಎಲ್ಲಿ ನಿಲ್ಬೇಕು ಅನ್ನೋದನ್ನ ಮೊದಲು ಗುರುತು ಹಾಕ್ತೀನಿ.

ಕೆಲಸ ಹುಡುಕೋಕೆ ಗೇಮ್ ಜ್ಯಾಮ್‌ಗೆ ಸೇರಿ. ಲುಡಮ್ ಡೇರ್ 2002ರಿಂದ ನಡೀತಿದೆ, ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ, ಎರಡು ಮೂರು ದಿನದಲ್ಲಿ ಒಂದು ಗೇಮ್ ಮುಗಿಸೋದು, ಕೋಡ್ ಮಾಡೋ ಹುಡುಗರಿಗೆ ಮ್ಯೂಸಿಕ್ ಮಾಡೋರು ಯಾವಾಗ್ಲೂ ಬೇಕಿರ್ತಾರೆ, ಆಮೇಲೆ ಅವರು ದುಡ್ಡಿನ ಪ್ರಾಜೆಕ್ಟ್ ಮಾಡೋವಾಗ ಮೊದಲು ಫೋನ್ ಬರೋದು ನಿಮಗೇ. ಹತ್ತು ನಿಮಿಷದ ಶೋರೀಲ್ (ನಮ್ಮ ಕೆಲಸದ ಸ್ಯಾಂಪಲ್ ತುಣುಕುಗಳು) ಯಾರೂ ಕೇಳಲ್ಲ. ಒಂದು ಲೂಪ್, ಅದರ ಮೂರು ಲೇಯರ್ ಏರಿಳಿಯೋ ಒಂದು ವೀಡಿಯೋ, ಮಾತಿನ ಕೆಳಗೆ ಮ್ಯೂಸಿಕ್ ಇರೋ ಒಂದು ನಾಟಕದ ಸೀನ್, ಇಷ್ಟು ಕಳಿಸಿ.

ದುಡ್ಡಿನ ವಿಷ್ಯ ಬಾಯಿಮಾತಲ್ಲಿ ಬಿಡ್ಬೇಡಿ. ಒಂದು ತಂಡ ನನ್ ಹತ್ರ ಒಂದು ಗೇಮಿಗೆ ಅಂತ ಮಾಡಿಸ್ಕೊಂಡ ಟ್ರ್ಯಾಕ್‌ನ ಜಾಹೀರಾತಿಗೂ ಹಾಕ್ಕೊಂಡ್ರು, ಕೇಳೋಣ ಅಂದ್ರೆ ಕೈಯಲ್ಲಿ ಒಂದು ಕಾಗದ ಇಲ್ಲ, ಎಷ್ಟು ನೋವಾಯ್ತು ಅಂತ ಹೇಳೋಕಾಗಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರ್ಕೊಡೋದು ಲಿಖಿತವಾಗಿರ್ಬೇಕು, ಸಹಿ ಇರ್ಬೇಕು, ಎಷ್ಟು ವರ್ಷ ಅಂತ ಬರೀದಿದ್ರೆ ಐದೇ ವರ್ಷ, ಎಲ್ಲೆಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಆದ್ರೆ ನೀವು ಸಂಬಳಕ್ಕಿರೋ ನೌಕರ ಆದ್ರೆ ಕಥೆ ಬೇರೆ, ಬೇರೆ ಒಪ್ಪಂದ ಇಲ್ದಿದ್ರೆ ಮೊದಲ ಹಕ್ಕು ಕಂಪನಿದೇ. ಅದಕ್ಕೆ ಯಾವ ಗೇಮು, ಎಷ್ಟು ನಿಮಿಷ, ಎಷ್ಟು ಸಲ ತಿದ್ದಿಕೊಡ್ತೀರಿ, ಟ್ರೇಲರಿಗೆ ಬಳಸ್ಬಹುದಾ, ಎಲ್ಲಾ ಒಂದು ಪುಟದಲ್ಲಿ ಬರೀರಿ, ಅರ್ಧ ದುಡ್ಡು ಮುಂಗಡ ತೊಗೊಳಿ.

ಫೈಲ್ ಕೊಡೋವಾಗ 48 ಕಿಲೋಹರ್ಟ್ಜ್, 24 ಬಿಟ್, ಲೇಯರ್ ಎಲ್ಲಾ ಬೇರೆ ಬೇರೆ. ನಾಟಕ ಪಾಡ್‌ಕಾಸ್ಟ್ ಆಗಿ ಬರೋದಾದ್ರೆ ಪೂರ್ತಿ ಮಿಕ್ಸ್ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟು ಸದ್ದು ಎಷ್ಟು ಜೋರು ಅನ್ನೋದರ ಅಳತೆ) ಹತ್ರ ಇರ್ಲಿ. ಪ್ರಾಜೆಕ್ಟ್ ಫೋಲ್ಡರ್ ಎರಡು ಹಾರ್ಡ್‌ಡಿಸ್ಕಲ್ಲಿ ಇಡಿ, ದುಡ್ಡು ಬಂತು ಅಂತ ಅಳಿಸ್ಬೇಡಿ, ಎರಡು ವರ್ಷ ಬಿಟ್ಟು ಅದೇ ಮಂದಿ ಫೋನ್ ಮಾಡಿ ಸರ್ ಆ ಕಾಡಿನ ಲೆವೆಲ್ ಮ್ಯೂಸಿಕ್‌ನಲ್ಲಿ ಬರೀ ಘಟ ಮಾತ್ರ ಬೇಕಿತ್ತು ಅಂತಾರೆ.