ಮೊಳಕೆ ಕಾಳಿನ ಬಿಸಿಯಲ್ಲಿ ಎಂಟ್ರೊಪಿಯ ಲೆಕ್ಕ

ಪುಟ್ಟ ಕಾಳಿನಿಂದ ಬೇರು, ಕಾಂಡ, ಎಲೆ ಅಚ್ಚುಕಟ್ಟಾಗಿ ಮೂಡುವಾಗ, ಒಟ್ಟು ಎಂಟ್ರೊಪಿ (ಸರಳವಾಗಿ ಹೇಳಿದರೆ ಅಸ್ತವ್ಯಸ್ತತೆಯ ಅಳತೆ) ಎಂದೂ ಇಳಿಯದು ಎನ್ನುವ ಉಷ್ಣಗತಿವಿಜ್ಞಾನದ ಎರಡನೇ ನಿಯಮ ಸೋತಿತೇ ಎಂದು ಪಿಯುಸಿ ಮಕ್ಕಳು ಕೇಳುತ್ತಾರೆ. ಇದಕ್ಕೆ ನಾನು ಥರ್ಮಾಮೀಟರಿನಿಂದಲೇ ಉತ್ತರ ಹೇಳಿಸುತ್ತೇನೆ.

ಒಂದೊಂದು ಲೀಟರಿನ ಎರಡು ಥರ್ಮಾಸ್ ಫ್ಲಾಸ್ಕು, ತಲಾ 200 ಗ್ರಾಂ ಹೆಸರುಕಾಳು. ಎಂಟು ಗಂಟೆ ನೆನೆಸಿ, ಒಂದು ಪಾಲನ್ನು 15 ನಿಮಿಷ ಕುದಿಸಿ ಪೂರ್ತಿ ಆರಿಸುತ್ತೇನೆ. ಎರಡನ್ನೂ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು ಮೂರು ಸಲ ತೊಳೆಯಬೇಕು. ಇದನ್ನು ಬಿಟ್ಟರೆ ಕೆಲಸ ಕೆಟ್ಟಂತೆಯೇ: ಬೆಂದ ಕಾಳಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ಮೂರನೇ ದಿನಕ್ಕೆ ಸತ್ತ ಕಾಳೂ ಬಿಸಿಯಾಗುತ್ತದೆ. ಥರ್ಮಾಮೀಟರಿನ ಬುಡ ಕಾಳಿನ ನಡುವೆ ಇರಲಿ. ಬಾಯಿಗೆ ಸಡಿಲವಾಗಿ ಹತ್ತಿ ತುರುಕಿ ಫ್ಲಾಸ್ಕನ್ನು ತಲೆಕೆಳಗಾಗಿ ನಿಲ್ಲಿಸಿ; ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೆಳಗಿಳಿದು ಹೋಗುತ್ತದೆ.

ಮೂರು ದಿನದಲ್ಲಿ ಮೊಳಕೆಯ ಫ್ಲಾಸ್ಕು ಕೋಣೆಗಿಂತ ಹಲವು ಡಿಗ್ರಿ ಮೇಲೇರುತ್ತದೆ. ಬೆಂದದ್ದು ಕದಲುವುದಿಲ್ಲ.

ಈಗ ಲೆಕ್ಕ. ಮೊಳಕೆಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. ಹೋಲಿಕೆಗೆ ಇನ್ನೂ 200 ಗ್ರಾಂ ಕಾಳನ್ನು ನೆನೆಸಿ, ಮೊಳೆಯುವ ಮೊದಲೇ ಒಣಗಿಸಿ ತೂಗಬೇಕು. ಅಂಗಡಿಯ ಕಾಳಿನಲ್ಲೇ ತೇವವಿರುತ್ತದೆ, ನೆನೆಸಿದ ನೀರಿಗೂ ಸ್ವಲ್ಪ ಕರಗುತ್ತದೆ. ಕಡಿಮೆ ಬಂದ ತೂಕವೇ ಉಸಿರಾಟದಲ್ಲಿ ಉರಿದದ್ದು, ಹೆಚ್ಚಿನದು ಪಿಷ್ಟ. ಒಂದು ಗ್ರಾಂ ಪಿಷ್ಟಕ್ಕೆ ಸುಮಾರು 17 ಕಿಲೋಜೂಲ್. ಅದು ಸುಮಾರು 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್‌ನಲ್ಲಿ ಶಾಖವಾಗಿ ಹೊರಬಿದ್ದರೆ, ಶಾಖವನ್ನು ತಾಪಮಾನದಿಂದ ಭಾಗಿಸಿದಂತೆ, ಸುತ್ತಲಿನ ಎಂಟ್ರೊಪಿ ಗ್ರಾಮಿಗೆ ಸುಮಾರು 57 ಜೂಲ್/ಕೆಲ್ವಿನ್ ಏರುತ್ತದೆ. ಮೊಳಕೆಯೊಳಗಿನ ಅಚ್ಚುಕಟ್ಟಿಗೆ ತೆತ್ತ ಬೆಲೆ ಇದು. 1943ರಲ್ಲಿ ಡಬ್ಲಿನ್‌ನಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಕೊಟ್ಟ ಉಪನ್ಯಾಸಗಳಲ್ಲೂ ಈ ಪ್ರಶ್ನೆ ಇತ್ತು.

ಜೀವವಿಕಾಸದ ಮಾತಿಗೆ ಮೂರನೆಯ ಫ್ಲಾಸ್ಕು ಬೇಕು, ನನಗೆ ಅದೇ ಹೆಚ್ಚು ಮುಖ್ಯ. ಜೀವಂತ ಕಾಳು, ಆದರೆ ಹತ್ತಿಯ ಬದಲು ಎರಡು ತೂತಿನ ರಬ್ಬರ್ ಬಿರಡೆ. ಒಂದರಲ್ಲಿ ಥರ್ಮಾಮೀಟರ್, ಇನ್ನೊಂದರಲ್ಲಿ ನೀರಿನಲ್ಲಿ ಮುಳುಗಿದ ಕೊಳವೆ. ಕೊಳವೆ ಇಲ್ಲದಿದ್ದರೆ ಅನಿಲದ ಒತ್ತಡಕ್ಕೆ ಬಿರಡೆ ಹಾರೀತು. ಇದನ್ನು ನೆಟ್ಟಗೇ ಇಡಬೇಕು. ಆಮ್ಲಜನಕ ಮುಗಿದೊಡನೆ ಬಿಸಿ ಇಳಿಯುತ್ತದೆ, ಮೊಳಕೆ ಕುಂಟುತ್ತದೆ, ಮದ್ಯದ ವಾಸನೆ ಬರುತ್ತದೆ. ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 2,800 ಕಿಲೋಜೂಲ್ ಶಾಖ. ಆಮ್ಲಜನಕವಿಲ್ಲದೆ ಹುದುಗಿ ಮದ್ಯವಾದರೆ ಸುಮಾರು 70. ಒಂದು ಗ್ಲೂಕೋಸ್ ಅಣುವಿನಿಂದ ಜೀವಕೋಶಕ್ಕೆ ದಕ್ಕುವ ಎಟಿಪಿ (ಜೀವಕೋಶ ತನ್ನ ಕೆಲಸಕ್ಕೆ ಖರ್ಚು ಮಾಡುವ ಶಕ್ತಿಯ ಅಣು) ಮೊದಲನೆಯದರಲ್ಲಿ 30ರ ಆಸುಪಾಸು, ಎರಡನೆಯದರಲ್ಲಿ 2.

ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಏರತೊಡಗಿತು. ಅದನ್ನು ಬಳಸಿ ಆಹಾರದಿಂದ ಶಕ್ತಿ ತೆಗೆಯುವ ಪುಟ್ಟ ಅಂಗಗಳಾದ ಮೈಟೋಕಾಂಡ್ರಿಯಾ ಹೊತ್ತ ಜೀವಕೋಶಗಳಿಂದಲೇ ಗಿಡ, ಪ್ರಾಣಿ, ಅಣಬೆಗಳೆಲ್ಲ ಬಂದವು. ಎರಡನೇ ನಿಯಮ ಇದಕ್ಕೆ ಅಡ್ಡ ಬರಲಿಲ್ಲ, ಆದರೆ ಯಾವ ರೂಪ ಉಳಿಯಬೇಕೆಂದು ಆರಿಸಿದ್ದೂ ಅದಲ್ಲ. ಆ ಕೆಲಸ ನಿಸರ್ಗದ ಆಯ್ಕೆಯದು. ಮಕ್ಕಳು ಇವೆರಡನ್ನೂ ಬೆರೆಸಿ ಬರೆದರೆ ಮತ್ತೆ ಮೂರನೆಯ ಫ್ಲಾಸ್ಕಿನ ಬಿರಡೆ ತೆಗೆದು ಮೂಸಲು ಕೊಡುತ್ತೇನೆ.