ಲಗ್ನಪತ್ರಿಕೆಯ ಸ್ಕ್ರೀನಿನಲ್ಲಿ ಬಂದ ಡಬ್ಬಿ ನಂಬರು

ಹವ್ಯಾಸಕ್ಕೆ ಮಾಡುವ ಪುಟ್ಟ ಮಾದರಿ ರೈಲಿನ ನೀಲಿ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಹಳೆ ವಿನ್ಯಾಸದ) ಡಬ್ಬಿಯ ಮೇಲೆ ಒಂದು ಮಿಲಿಮೀಟರ್ ಎತ್ತರದ ಬಿಳಿ ಅಕ್ಷರ, ಅದರಲ್ಲೂ ದೇವನಾಗರಿಯ ‘ಮ ರೇ’ (ಮಧ್ಯ ರೇಲ್ವೆ), ಕಲಬುರಗಿಯಲ್ಲೇ ಅಚ್ಚಾಗುತ್ತದೆ. ಇದನ್ನು ಮೊದಲು ನಂಬದವರು ಸ್ಕ್ರೀನ್ ಪ್ರಿಂಟಿಂಗ್‌ನವರೇ. “ಇಷ್ಟ್ ಸಣ್ಣದು ಬರಂಗಿಲ್ರಿ, ಇಂಕ್ ತುಂಬ್ಕೊಂಡು ಚುಕ್ಕಿ ಆಗಿಬಿಡ್ತದ” ಅಂದರು. ಬಿಳಿ ಬೇಕಿದ್ದರೆ ಹೊರದೇಶದಿಂದಲೇ ತರಿಸಬೇಕು ಎಂದು ಹವ್ಯಾಸದ ಗೆಳೆಯರೂ ಹೇಳಿದ್ದರು. ಈಗ ಹದಿನಾಲ್ಕು ಡಬ್ಬಿಯ ಇಡೀ ಗಾಡಿ ಆ ಅಕ್ಷರ ಹೊತ್ತು ನಿಂತಿದೆ. ಗೇಣು ದೂರದಿಂದ ಫೋಟೋ ತೆಗೆದು ಹಿಗ್ಗಿಸಿದರೂ ‘ರೇ’ಯ ಮೇಲಿನ ಮಾತ್ರೆ ಬಿಡಿಯಾಗಿ ಕಾಣುತ್ತದೆ.

ಇಲ್ಲಿ ಡಬ್ಬಿ ಎಂದರೆ ಕೋಚ್, ಬೋಗಿ ಎಂದರೆ ಅದರ ಕೆಳಗಿನ ಗಾಲಿ ಚೌಕಟ್ಟು. ಯಾದಗಿರಿ ಜಿಲ್ಲೆಯ ಕಡೇಚೂರಿನ ಕಾರ್ಖಾನೆಯಲ್ಲಿ ತಯಾರಾಗುವುದು ಈ ಎರಡನೆಯ ಅರ್ಥದ ಬೋಗಿಯ ಫ್ರೇಮ್. ಅಳತೆ ಎಲ್ಲವೂ ಎಚ್‌ಒ, ಅಂದರೆ 1:87, ಅಸಲಿಯ ಎಂಬತ್ತೇಳರಲ್ಲಿ ಒಂದು ಪಾಲು. ಐಸಿಎಫ್ ಮೈ 21,337 ಮಿ.ಮೀ., ನಮಗೆ 245. ಅಗಲ 37 ಚಿಲ್ಲರೆ, ಬೋಗಿಗಳ ನಡುವಿನ ಅಂತರ 170. ಬ್ರಾಡ್‌ಗೇಜಿಗೆ 19.3 ಮಿ.ಮೀ. ಹಳಿ ಬೇಕಿತ್ತು, ಓಡಿಸುವುದು 16.5ರ ಮೇಲೆ. ಆ ಒಂದು ರಾಜಿ ಸಾಕು. ಉದ್ದ ಮೋಟು ಮಾಡಿದ ಡಬ್ಬಿ ತಂದು ಅದರ ಮೇಲೆ ಡೆಕಾಲಿಗೆ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ತೆಳು ಪದರಕ್ಕೆ) ದುಡ್ಡು ಸುರಿಯಬೇಡಿ.

ಬಿಳಿ ಅಕ್ಷರಕ್ಕೆ ಮೊದಲು ಕೆಟ್ಟ ದಾರಿಗಳನ್ನು ಹೇಳುತ್ತೇನೆ, ದುಡ್ಡು ಹೋಗಿದ್ದೇ ಅಲ್ಲಿ. ಒಂದು, ಬಿಳಿ ಡೆಕಾಲ್ ಕಾಗದದ ಮೇಲೆ ಸುತ್ತಲೂ ಡಬ್ಬಿಯ ನೀಲಿಯನ್ನೇ ಅಚ್ಚು ಹಾಕಿ ಅಕ್ಷರವನ್ನು ಖಾಲಿ ಬಿಡುವುದು. ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದುತ್ತದೆ, ಬಿಸಿಲಿಗೆ ತಂದರೆ ನೇರಳೆ. ಕತ್ತರಿಸಿದ ಅಂಚಿನಲ್ಲಿ ಬಿಳಿ ಗೆರೆ ಬೇರೆ. ಎಂಟು ಹಾಳೆ ಹೀಗೆ ಹೋದವು. ಎರಡು, ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿ. ಅವರ ಕಟಿಂಗ್ ಮಷೀನು ನಾಲ್ಕೈದು ಮಿಲಿಮೀಟರಿಗಿಂತ ಕೆಳಗೆ ಅಕ್ಷರ ಕತ್ತರಿಸುವುದಿಲ್ಲ, ಕಿತ್ತು ಹಾಕುತ್ತದೆ. ಸ್ಟಿಕರ್ ದಪ್ಪ 0.08 ಮಿ.ಮೀ. ಹಿಡಿದರೂ 87ರಿಂದ ಗುಣಿಸಿ ನೋಡಿ, ಅಸಲಿ ಡಬ್ಬಿಯ ಮೇಲೆ ಏಳು ಮಿಲಿಮೀಟರ್ ದಪ್ಪದ ತಗಡು ಅಂಟಿಸಿದ ಹಾಗೆ. ಆದರೆ ಅದೇ ಅಂಗಡಿ ಕಿಟಕಿ ಸಾಲಿನ ತಿಳಿನೀಲಿ ಪಟ್ಟಿಗೆ ಮಾಸ್ಕ್ (ಬಣ್ಣ ತಾಗದಂತೆ ಮುಚ್ಚುವ ಸ್ಟಿಕರ್) ಮಾಡಲು ಬಲು ಉಪಯೋಗಕ್ಕೆ ಬಂತು. ಎರಡೂ ಅಂಚು ಒಂದೇ ಅಳತೆಯಲ್ಲಿ ಸಿಗುತ್ತವೆ, ಹದಿನಾಲ್ಕು ಡಬ್ಬಿಗೂ ಪಟ್ಟಿ ಒಂದೇ ಎತ್ತರಕ್ಕೆ ಕೂರುತ್ತದೆ. ಮಾಸ್ಕಿನ ಅಂಚಿನಲ್ಲಿ ಬಣ್ಣ ನುಸುಳದ ಹಾಗೆ ಮಾಡುವುದಕ್ಕೆ ಒಂದು ಉಪಾಯ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಮೂರು, ಬಿಳಿ ಟೋನರ್ ಪ್ರಿಂಟ್. ಗುಣಮಟ್ಟ ಒಳ್ಳೆಯದು. ಬೇರೆ ಊರಿನಿಂದ ಕೊರಿಯರ್‌ ಸೇರಿ ಒಂದು ಎ4 ಹಾಳೆಗೆ ಸುಮಾರು 900 ರೂಪಾಯಿ ಬಿತ್ತು, ಒಂದು ಅಂಕಿ ತಪ್ಪಿದರೆ ಮತ್ತೆ 900.

ಈಗ ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನು, ಅಂದರೆ ಬಟ್ಟೆಯ ಜಾಲರಿಯ ಮೂಲಕ ಇಂಕು ಒತ್ತುವುದು. ಮೊದಲ ಸಲ ಆ ಪ್ರಿಂಟಿಂಗಿನವರು ದಿನಾ ಬಳಸುವ ಬಟ್ಟೆಯಲ್ಲೇ ಹೊಡೆಸಿದ್ದಕ್ಕೆ, ಅವರು ಹೇಳಿದ ಹಾಗೆಯೇ ಆಯಿತು. ‘ಮ’ ಒಳಗಿನ ಖಾಲಿ ಜಾಗ ಮುಚ್ಚಿತು, 8 ಮತ್ತು 6 ಒಂದೇ ಕಂಡವು. ಆ ಬಟ್ಟೆ ಸೆಂಟಿಮೀಟರಿಗೆ 77 ಎಳೆಯದು. 140 ಎಳೆಗೆ ಹೋದಾಗ ಅಕ್ಷರ ಚೂಪಾಯಿತು, ಆದರೆ ಇಂಕಿನ ಪದರ ತೆಳುವಾಗಿ ಕೆಳಗಿನ ನೀಲಿ ಇಣುಕಿ ಅಕ್ಷರ ಬೂದಿ ಬಣ್ಣಕ್ಕೆ ತಿರುಗಿತು. ಕಡೆಗೆ ಕೂತಿದ್ದು 120 ಎಳೆಯ ಹಳದಿ ಬಟ್ಟೆ. ಬಿಳಿ ಬಟ್ಟೆಯಲ್ಲಿ ಎಕ್ಸ್‌ಪೋಸ್ ಮಾಡುವಾಗ (ಬೆಳಕು ಬಿಟ್ಟು ಬಟ್ಟೆಯ ಮೇಲೆ ಅಕ್ಷರ ಮೂಡಿಸುವಾಗ) ಆ ಬೆಳಕು ಎಳೆಯೊಳಗೆ ಚದುರಿ ಅಕ್ಷರದ ಅಂಚನ್ನು ತಿನ್ನುತ್ತದೆ, ಹಳದಿಯಲ್ಲಿ ಅದು ಕಡಿಮೆ. ಪಾಸಿಟಿವನ್ನು (ಅಕ್ಷರದ ಕಪ್ಪು ಮೂಲಪ್ರತಿಯನ್ನು) ಟ್ರೇಸಿಂಗ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ಕೊಟ್ಟರೆ ನಡೆಯುವುದಿಲ್ಲ, ಕಪ್ಪು ಸಾಲದು. ಆಫ್‌ಸೆಟ್ ಪ್ರೆಸ್ಸಿನವರು ತೆಗೆಯುವ ಫಿಲ್ಮೇ ಬೇಕು. ಚಿತ್ರದಲ್ಲಿ ಯಾವ ಗೆರೆಯೂ 0.15 ಮಿ.ಮೀ.ಗಿಂತ ಸಣ್ಣ ಇರದಂತೆ ನೋಡಿಕೊಳ್ಳಿ, ಒಳಗಿನ ಖಾಲಿ ಜಾಗವೂ ಅಷ್ಟೇ.

ಇಂಕು ಪಿವಿಸಿಗೆ ಬಳಸುವ ಗಟ್ಟಿ ಬಿಳಿ, ಕಾಗದ ಲೇಸರಿನ ಪಾರದರ್ಶಕ ಡೆಕಾಲ್ ಹಾಳೆ. ಸ್ಕ್ರೀನಿಗೂ ಹಾಳೆಗೂ ನಡುವೆ ಎರಡು ಮಿಲಿಮೀಟರ್ ಅಂತರ ಇರಲಿ. ಸ್ಕ್ವೀಜಿಯನ್ನು (ಇಂಕು ಒತ್ತುವ ರಬ್ಬರ್ ಪಟ್ಟಿಯನ್ನು) ಒಂದೇ ಸಲ ಎಳೆಯಬೇಕು. ಮೇಲೆ ಇನ್ನೊಮ್ಮೆ ಎಳೆದರೆ ಅಕ್ಷರ ಜೋಡಿಯಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಈ ಕೆಲಸಕ್ಕೆ ಹೋಗಲೇಬೇಡಿ, ಮೂರನೇ ಹಾಳೆಗೆ ಇಂಕು ಬಟ್ಟೆಯಲ್ಲೇ ಒಣಗಿ ಸಣ್ಣ ಅಕ್ಷರ ಮಾಯವಾಗುತ್ತವೆ. ಬೆಳಿಗ್ಗೆ ಏಳಕ್ಕೆ ಅಂಗಡಿ ತೆಗೆಸಿ, ಬೇಗ ಒಣಗದಂತೆ ಇಂಕಿಗೆ ರಿಟಾರ್ಡರ್ ಹಾಕಿಸಿ ಹೊಡೆಸಿದ್ದಕ್ಕೆ ಇಪ್ಪತ್ತು ಹಾಳೆಯಲ್ಲಿ ಹದಿನೇಳು ಚೊಕ್ಕ ಬಂದವು. ಒಂದು ದಿನ ಒಣಗಿಸಿ.

ಅಕ್ಷರದ ರೂಪಕ್ಕೆ ಕಂಪ್ಯೂಟರಿನ ಫಾಂಟ್ ಹಾಕಿದರೆ ಡಬ್ಬಿ ಆಟಿಕೆಯ ಹಾಗೆ ಕಾಣುತ್ತದೆ. ವರ್ಕ್‌ಶಾಪಿನ ಪೇಂಟರು ಬರೆದ 2ರ ಬಾಲ, 9ರ ಹೊಟ್ಟೆ ಯಾವ ಫಾಂಟಿನಲ್ಲೂ ಇಲ್ಲ. ಎದುರು ಪ್ಲಾಟ್‌ಫಾರ್ಮಿನಿಂದ ನೇರಕ್ಕೆ ತೆಗೆದ ಫೋಟೋವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಇಟ್ಟು, ಮೈಯ ಉದ್ದ 245 ಮಿ.ಮೀ.ಗೆ ಕೂರಿಸಿ, ಮೇಲೆಯೇ ಗೆರೆ ಎಳೆದುಕೊಂಡೆ. ಹತ್ತು ಅಂಕಿ, ಏಳೆಂಟು ಅಕ್ಷರಕ್ಕೆ ಎರಡು ಭಾನುವಾರ ಹಿಡಿಯಿತು. ಈ ಶ್ರಮ ಒಂದೇ ಸಲದ್ದು.

ಅಂಕಿಗಳನ್ನು ಬಿಡಿಬಿಡಿಯಾಗಿ ಅಂಟಿಸಲು ಹೋಗಬೇಡಿ, ಸಾಲು ಸೊಟ್ಟಗಾಗುತ್ತದೆ. ಇಡೀ ನಂಬರನ್ನೇ ಚಿತ್ರದಲ್ಲಿ ಜೋಡಿಸಿ, ಪ್ರತಿಯೊಂದನ್ನೂ ನಾಲ್ಕು ಸಲ ಇಡಿ. ಎರಡು ಬದಿಗೆ ಎರಡು, ಹಾಳಾಗುವುದಕ್ಕೆ ಎರಡು. ನಂಬರು ಆರಿಸುವಾಗ ಲೆಕ್ಕ ತಪ್ಪಬಾರದು. ಹಳೆಯ ಐದಂಕಿಯ ಡಬ್ಬಿ ನಂಬರಿನಲ್ಲಿ ಮೊದಲೆರಡು ಅಂಕಿ ತಯಾರಾದ ವರ್ಷ, ಕೊನೆಯ ಮೂರು ಡಬ್ಬಿಯ ಜಾತಿ: 051–100 ಎಸಿ ಟೂ ಟಯರ್, 101–150 ತ್ರೀ ಟಯರ್, 201–400 ಸ್ಲೀಪರ್, 401–600 ಜನರಲ್, 701–800 ಲಗೇಜ್ ಸೇರಿದ್ದು. 98214 ಎಂದರೆ 1998ರ ಸ್ಲೀಪರ್. ಅದರ ಪಕ್ಕ ಎಸಿ ಡಬ್ಬಿಯ ಸಂಕೇತ ಅಂಟಿಸಿದರೆ ಬಲ್ಲವರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಐಸಿಎಫ್ ಡಬ್ಬಿಯ ಆಯುಸ್ಸು 25 ವರ್ಷ, ಹೀಗಾಗಿ 79ರ ಡಬ್ಬಿಯನ್ನು 2010ರ ಗಾಡಿಗೆ ಪೋಣಿಸುವಂತಿಲ್ಲ. ಪಿಒಎಚ್ ದಿನಾಂಕ (ವರ್ಕ್‌ಶಾಪಿನಲ್ಲಿ ಪೂರ್ತಿ ರಿಪೇರಿಯಾದ ದಿನ) ಮತ್ತು ರಿಟರ್ನ್ ದಿನಾಂಕದ (ಮತ್ತೆ ರಿಪೇರಿಗೆ ಮರಳಬೇಕಾದ ದಿನದ) ನಡುವೆ ತಕ್ಕ ಅಂತರ ಇಟ್ಟಿದ್ದೇನೆ. ಓದಲು ಭೂತಗನ್ನಡಿ ಬೇಕು, ಆದರೂ ಸರಿಯಾಗೇ ಇರಬೇಕು.

ನನ್ನ ಗಾಡಿಯ ವರ್ಷ 2005. ಆದ್ದರಿಂದ ಬೋರ್ಡಿನಲ್ಲಿ ಗುಲ್ಬರ್ಗಾ, ಏಕೆಂದರೆ ಕಲಬುರಗಿ ಆಗಿದ್ದು 2014ರ ನವೆಂಬರಿನಲ್ಲಿ. ಗಾಡಿ ಸಂಖ್ಯೆ ನಾಲ್ಕೇ ಅಂಕಿ, ಐದಂಕಿ ಬಂದದ್ದು 2010ರ ಡಿಸೆಂಬರಿನಲ್ಲಿ. ಕೆಳಗೆ ಬಯೋ ಟಾಯ್ಲೆಟ್ಟಿನ ಟ್ಯಾಂಕ್ ಇಲ್ಲ. ಬೀದರ್ ಕಡೆಗೆ ಗಾಡಿ ಬಿಡುವಂತೆಯೂ ಇಲ್ಲ, ಆ 110 ಕಿ.ಮೀ. ಮಾರ್ಗ ಪೂರ್ತಿ ಆಗಿದ್ದು 2017ರಲ್ಲಿ. ಹಳದಿ ಬೋರ್ಡಿಗೆ ಡೆಕಾಲ್ ಬೇಡ, ಫೋಟೋ ಪೇಪರಿನ ಮೇಲೆ ಪ್ರಿಂಟ್ ತೆಗೆದು ಹಿಂದಿನಿಂದ ಮರಳು ಕಾಗದ ತಿಕ್ಕಿ ತೆಳು ಮಾಡಿದರೆ ಸಾಕು.

ಅಂಟಿಸುವ ಕೆಲಸದಲ್ಲಿ ನಮ್ಮ ಭಾಗದ್ದೇ ಎರಡು ಕಾಟ: ಒಣ ಹವೆ, ಗಡಸು ನೀರು. ಬೋರಿನ ನೀರಿನಲ್ಲಿ ಡೆಕಾಲ್ ನೆನೆಸಿದರೆ ಅಂಚಿನ ಸುತ್ತ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದರೆ ವರ್ಷ ಬರುತ್ತದೆ. ನಲವತ್ತೆರಡು ಡಿಗ್ರಿಯಲ್ಲಿ ಮೈಕ್ರೋ ಸಾಲ್ (ಡೆಕಾಲನ್ನು ಮೆತ್ತಗೆ ಮಾಡುವ ದ್ರವ) ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ, ಡೆಕಾಲ್ ಮೆತ್ತಗಾಗದೆ ಪದರಿನ ಕೆಳಗೆ ಗಾಳಿ ಉಳಿದು ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೆ ಕೋಣೆಯಲ್ಲಿ ಅರ್ಧ ಗಂಟೆ ಕೂಲರ್ ಓಡಿಸಿ, ಗಾಳಿಯಲ್ಲಿ ತೇವ ಬಂದ ಮೇಲೆ ಅದನ್ನು ಬಂದ್ ಮಾಡಿ, ಧೂಳು ಕೂತ ನಂತರ ಶುರು ಮಾಡಬೇಕು. ಏರ್‌ಬ್ರಶ್ ಕೂಡ ನಸುಕಿನಲ್ಲೇ. ಮಧ್ಯಾಹ್ನ ಹೊಡೆದರೆ ಬಣ್ಣ ಹಾರುತ್ತಲೇ ಒಣಗಿ ಮೈ ರವೆ ರವೆ ಆಗುತ್ತದೆ, ರವೆಯ ಮೇಲೆ ಯಾವ ಡೆಕಾಲೂ ಕೂರುವುದಿಲ್ಲ. ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಶ್) ಹೊಡೆದು ಎರಡು ದಿನ ಬಿಟ್ಟು ಅಂಟಿಸಿ, ಮತ್ತೆರಡು ದಿನ ಬಿಟ್ಟು ಅರೆಹೊಳಪಿನ ಕ್ಲಿಯರ್ ಹೊಡೆಯಿರಿ. ಮೇಲಿನ ಕ್ಲಿಯರಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮುಟ್ಟಬೇಡಿ. ಅದರ ತಿನ್ನರ್ ನಮ್ಮ ಬಿಳಿ ಇಂಕನ್ನೂ ಕರಗಿಸಿತು, ಒಂದು ಡಬ್ಬಿಯ ಬದಿ ಪೂರ್ತಿ ಕೆರೆದು ಹೊಸದಾಗಿ ಬಣ್ಣ ಹಾಕಬೇಕಾಯಿತು.

ಕಿಟಕಿ ಸರಳಿನ ವಿಷಯದಲ್ಲಿ ಸ್ವಲ್ಪ ಹೆಮ್ಮೆ ಇದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 38 ಗೇಜಿನ ತಾಮ್ರದ ತಂತಿ ಸಿಗುತ್ತದೆ, ದಪ್ಪ 0.15 ಮಿ.ಮೀ., ಅಸಲಿಗೆ ಹದಿಮೂರು ಮಿ.ಮೀ. ಸರಳು. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ ಇನ್ನೊಂದನ್ನು ಮೆಲ್ಲಗೆ ಜಗ್ಗಿದರೆ ತಂತಿ ನೆಟ್ಟಗಾಗುತ್ತದೆ. ಎರಡು ಎಂ6 ಬೋಲ್ಟುಗಳನ್ನು ಹಲಗೆಯ ಎರಡು ತುದಿಗೆ ಮಲಗಿಸಿ ಬಿಗಿದು ತಂತಿಯನ್ನು ಆಟಿನಿಂದ (ಬೋಲ್ಟಿನ ಸುತ್ತುಗೆರೆಯಿಂದ) ಆಟಿಗೆ ಸುತ್ತಿ. ಎಂ6ರ ಆಟಿನ ಅಂತರ ಸರಿಯಾಗಿ 1 ಮಿ.ಮೀ., ಎಂ8 ಆದರೆ 1.25. ಫೋಟೋದಲ್ಲಿ ಸರಳಿನ ಅಂತರ ನೋಡಿ ಬೋಲ್ಟ್ ಆರಿಸಿ. ಸ್ಲೀಪರಿನ ಒಂಬತ್ತು ಖಾನೆಯ ಎಲ್ಲ ಕಿಟಕಿಗೂ ಒಂದೇ ತಂತಿ ಸಾಲು ಒಳಗಿನಿಂದ ಹಾಯುತ್ತದೆ, ಕಿಟಕಿ ಕಿಟಕಿಗೆ ತುಂಡು ಅಂಟಿಸುವ ಗೋಳು ಇಲ್ಲ. ತುರ್ತು ಕಿಟಕಿಯಲ್ಲಿ ಮಾತ್ರ ತಂತಿ ಕತ್ತರಿಸಿ ತೆಗೆಯಿರಿ, ಅಲ್ಲಿ ಸರಳು ಇರುವುದಿಲ್ಲ. ತಂತಿಗೆ ಫೆವಿಕ್ವಿಕ್ ಸರಿ, ಆದರೆ ಗಾಜನ್ನು ಅದಾದ ಒಂದು ದಿನದ ಮೇಲೆ ಫೆವಿಕಾಲಿನಲ್ಲೇ ಕೂರಿಸಿ. ಫೆವಿಕ್ವಿಕ್ ಹಬೆ ತಾಗಿದರೆ ಪಾರದರ್ಶಕ ಹಾಳೆ ಮಂಜು ಹಿಡಿಯುತ್ತದೆ. ಬಾಗಿಲ ಹಿಡಿಕೆಗೆ ಗಿಟಾರಿನ ಅತಿ ಸಣ್ಣ ತಂತಿ, 0.25 ಮಿ.ಮೀ. ಉಕ್ಕು, ಬಗ್ಗಿಸಿದ ಆಕಾರ ಬಿಡುವುದಿಲ್ಲ.

ಇನ್ನೊಂದು ಪ್ರಯೋಗ ಮಾಡಿದ್ದು ಶಹಾಬಾದ್ ಕಲ್ಲಿನ ಪುಡಿಯಿಂದ. ಪಾಲಿಶ್ ಮಷೀನಿನ ಕೆಳಗೆ ಬೀಳುವ ಕೆಸರನ್ನು ಒಣಗಿಸಿ ಮಲ್ ಬಟ್ಟೆಯಲ್ಲಿ ಸೋಸಿದರೆ ಸಿಗುವ ಬೂದು ಧೂಳು, ವಾಡಿ ಸಿಮೆಂಟಿನ ಸೀಮೆ ಹಾದು ಬಂದ ಬೋಗಿಗೆ ಹೇಳಿ ಮಾಡಿಸಿದ್ದು. ಆದರೆ ಅದು ಸುಣ್ಣಕಲ್ಲು. ಮೈಕ್ರೋ ಸೆಟ್ (ಡೆಕಾಲ್ ಇಡುವ ಮೊದಲು ಹಚ್ಚುವ ದ್ರವ) ತೀರಿದಾಗ ಅದರ ಬದಲಿಗೆ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚುವ ರೂಢಿ ಇದೆ, ಧೂಳು ಹಾಕಿದ ಡಬ್ಬಿಗೆ ಹಾಗೆ ಹಚ್ಚಿದ್ದೇ ತಡ ಗುಳ್ಳೆ ಎದ್ದು ನಂಬರು ಜಾರಿತು. ಎಲ್ಲ ಅಕ್ಷರ ಮುಗಿದು ಕ್ಲಿಯರ್ ಒಣಗಿದ ಮೇಲೆಯೇ ಧೂಳು.

ಖರ್ಚು ನೆನಪಿನಿಂದ ಹೇಳುವುದಾದರೆ: ಫಿಲ್ಮಿಗೆ 250, ಸ್ಕ್ರೀನ್ ಬಟ್ಟೆ ಮತ್ತು ಎಕ್ಸ್‌ಪೋಸಿಂಗ್ 600, ಹೊಡೆದದ್ದಕ್ಕೆ 500, ಡೆಕಾಲ್ ಕಾಗದ ಇಪ್ಪತ್ತು ಹಾಳೆಗೆ 1,600ರ ಆಸುಪಾಸು. ಮೂರು ಸಾವಿರದೊಳಗೆ ಆಯಿತು. ಒಂದು ಹಾಳೆಯಲ್ಲಿ ಹದಿನಾಲ್ಕು ಡಬ್ಬಿಯದ್ದೂ ಕೂತಿದೆ, ಉಳಿದ ಹಾಳೆಗಳನ್ನು ಗೆಳೆಯರು ಒಯ್ದರು. ಕೆಟ್ಟ ದಾರಿಗಳಿಗೆ ಹೋದದ್ದು ಇದರ ಎರಡರಷ್ಟು.

ಮುಂದಿನದು ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಡಬ್ಬಿ): ಮೈ 23,540 ಮಿ.ಮೀ., ನಮಗೆ 270 ಚಿಲ್ಲರೆ, ಬದಿಯ ಬಫರ್ ಇಲ್ಲ, ನಡುವೆ ಒಂದೇ ಜೋಡಣೆಯ ಸಿಬಿಸಿ ಕಪ್ಲಿಂಗ್. ಅದರ ಅಕ್ಷರದ ಫಿಲ್ಮ್ ತೆಗೆಸಿಟ್ಟಾಗಿದೆ, ಮಳೆಗಾಲ ಹಿಡಿದು ಹವೆ ತಣ್ಣಗಾದರೆ ಸ್ಕ್ರೀನಿಗೆ ಹೋಗುತ್ತದೆ.